ಜುಲೇಖಾಬಿಯ ಎಡಗಾಲು

1938ರ ನವೆಂಬರ್. ಹುಬ್ಬಳ್ಳಿಯ ಹೆಣ್ಣುಮಕ್ಕಳ ದವಾಖಾನೆಯೊಂದರಲ್ಲಿ ನಾನು ಕಿರಿಯ ಡಾಕ್ಟರಾಗಿ ಸೇರಿ ಏಳು ತಿಂಗಳಾಗಿತ್ತು. ಪುಣೆಯಲ್ಲಿ ನಾಲ್ಕು ವರ್ಷ ಓದಿ ಬಂದವಳು, ವಯಸ್ಸು ಇಪ್ಪತ್ತಾರು. ಹುಟ್ಟಿದ ಮನೆ ಧಾರವಾಡದಲ್ಲಿ. ಶನಿವಾರ ಮಧ್ಯಾಹ್ನದ ರೈಲಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳುತ್ತಿದ್ದೆ. ದವಾಖಾನೆಯಲ್ಲಿ ಇದ್ದದ್ದು ನಾವಿಬ್ಬರೇ ಡಾಕ್ಟರರು. ಹಿರಿಯರನ್ನು ಎಲ್ಲರೂ ‘ದೊಡ್ಡಬಾಯಾರು’ ಎನ್ನುತ್ತಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ, ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಹೆರಿಗೆ ಮತ್ತು ಶಸ್ತ್ರಚಿಕಿತ್ಸೆ ಅವರದು. ಜ್ವರ, ಕೆಮ್ಮು, ಕಣ್ಣು, ಕಿವಿ, ಚರ್ಮ ಎಂದು ಬೆಳಿಗ್ಗೆ ಎಂಟರಿಂದ ನಿಲ್ಲುತ್ತಿದ್ದ ಸಾಲು ನನ್ನದು.

ಚರ್ಮದ ಕಾಯಿಲೆಯ ಬಗ್ಗೆ ನನಗೆ ಆಗ ಅಷ್ಟೇನೂ ಗೌರವ ಇರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದರಿಂದ ಯಾರೂ ಸಾಯುವುದಿಲ್ಲ, ಯಾರೂ ಪೂರ್ತಿ ಗುಣವಾಗುವುದೂ ಇಲ್ಲ ಎಂದು ಓದುವ ಕಾಲದಲ್ಲಿ ನಾವು ನಗುತ್ತಿದ್ದೆವು. ಚಳಿಗಾಲ ಬಂದಿತೆಂದರೆ ಒಡೆದ ಕಾಲು, ಬಿರಿದ ಹಿಮ್ಮಡಿ ತೋರಿಸಲು ಹೆಣ್ಣುಮಕ್ಕಳು ಬರುತ್ತಿದ್ದರು. ನೋಡಿದೆನೋ ಇಲ್ಲವೋ ಎನ್ನುವಷ್ಟರಲ್ಲಿ ಮುಲಾಮು ಬರೆದು ಕಳಿಸುತ್ತಿದ್ದೆ. ಹೆಣ್ಣುಮಗಳೊಬ್ಬಳು ತನ್ನ ಕಾಲು ನುಣುಪಾಗಿ, ಆರೋಗ್ಯವಾಗಿ ಕಾಣಲಿ ಎಂದು ಬಯಸಿದರೆ ಅದು ಡಾಕ್ಟರು ತಲೆ ಕೆಡಿಸಿಕೊಳ್ಳುವ ಸಂಗತಿ ಎಂದು ನನಗೆ ಅನಿಸಿಯೇ ಇರಲಿಲ್ಲ.

ಒಂದು ಬುಧವಾರ ಸಾಲು ಮುಗಿಯುವ ಹೊತ್ತಿಗೆ ಬುರಖಾ ಹಾಕಿದ್ದ ಹೆಣ್ಣುಮಗಳೊಬ್ಬಳು ಬಂದು ಬಾಗಿಲ ಹೊರಗೆ ನಿಂತಳು. ಒಳಗೆ ಕರೆದರೂ ಬರಲಿಲ್ಲ.

“ನಾ ಇಲ್ಲೇ ನಿಂದರ್ತೇನ್ರಿ. ಒಳಗ ಬಂದ್ರ ನಿಮ್ಮ ಕುರ್ಚಿ ತೊಳಿಬೇಕಾಕ್ಕತಿ” ಎಂದಳು.

ಅವಳ ಹಿಂದೆ ಸ್ವಲ್ಪ ದೂರದಲ್ಲಿ ಅವಳ ಗಂಡ ನಿಂತಿದ್ದ. ಹೆಸರು ಹಸನಸಾಬ. ಮೊಣಕೈವರೆಗೂ ಕೆಂಪು ಬಣ್ಣ ಹತ್ತಿದ ಕೈಗಳು. ರಂಗರೇಜರು, ಅಂದರೆ ನೂಲಿಗೆ ಬಣ್ಣ ಹಾಕುವ ಮನೆತನದವರು ಎಂಬುದು ಕೇಳದೆಯೇ ತಿಳಿಯಿತು.

“ಬಾಯಾರ, ಒಂದು ಚೀಟಿ ಬೇಕಾಗಿತ್ರಿ” ಎಂದ ಅವನು ತಲೆ ತಗ್ಗಿಸಿ. “ಈಕಿಗೆ ದೊಡ್ಡ ರೋಗ ಐತೋ ಇಲ್ಲೋ, ಅಷ್ಟ ಬರದು ಕೊಡ್ರಿ.”

ನಮ್ಮ ಕಡೆ ದೊಡ್ಡ ರೋಗವೆಂದರೆ ಕುಷ್ಠ. ಆಗ ಅದಕ್ಕೆ ಇಂದಿನಂಥ ಗುಳಿಗೆಗಳು ಇರಲಿಲ್ಲ. ರೋಗ ಇದೆ ಎಂದು ನಾನು ಬರೆದುಕೊಟ್ಟರೆ ಆ ಹೆಣ್ಣುಮಗಳು ಊರ ಹೊರಗಿನ ಆಶ್ರಮಕ್ಕೆ ಹೋಗುತ್ತಿದ್ದಳು, ಮತ್ತೆ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ನಾನು ಎದ್ದು ಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದು ಪರದೆ ಎಳೆದೆ. ಕೈ ಹಿಡಿದದ್ದಕ್ಕೆ ಅವಳು ಬೆಚ್ಚಿದಳು.

ಹೆಸರು ಜುಲೇಖಾಬಿ. ವಯಸ್ಸು ಇಪ್ಪತ್ತೈದು. ತವರು ಬೆಂಗೇರಿ. ಹದಿನೈದಕ್ಕೆ ಮದುವೆಯಾಗಿ ಹಳೇ ಹುಬ್ಬಳ್ಳಿಯ ರಂಗರೇಜರ ಮನೆಗೆ ಬಂದವಳು. ಎರಡೂವರೆ ವರ್ಷದ ಒಬ್ಬ ಮಗಳಿದ್ದಳು, ಮುನ್ನಿ. ಕುರ್ಚಿಯ ತುದಿಯಲ್ಲಿ ಕುಳಿತು ಅವಳು ಕಾಲಿನ ಬಟ್ಟೆ ಮೇಲೆ ಸರಿಸಿದಾಗ ನಾನು ಬಗ್ಗಿ ನೋಡಿದೆ. ಮೊಣಕಾಲಿನ ಕೆಳಗಿಂದ ಪಾದದವರೆಗೆ ಎರಡೂ ಕಾಲಿನ ಚರ್ಮ ದಪ್ಪವಾಗಿ, ಕಪ್ಪಾಗಿ, ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತ್ತು. ಕೆಲವು ಬಿರುಕುಗಳಲ್ಲಿ ರಕ್ತ ಒಣಗಿತ್ತು. ಮೊಣಕಾಲಿನ ಮೇಲೆ ಮಾತ್ರ ಅವಳ ಚರ್ಮ ತಿಳಿಯಾಗಿ, ನುಣುಪಾಗಿ ಇತ್ತು.

ಇಪ್ಪತ್ತೆರಡು ದಿನಗಳಿಂದ ಅವಳು ಮನೆಯ ಹಿಂದಿನ ಕಟ್ಟಿಗೆ ಇಡುವ ಛಪ್ಪರದಲ್ಲಿ ಇದ್ದಳು. ತಾಟು ಬೇರೆ, ತಂಬಿಗೆ ಬೇರೆ. ಕೂಸನ್ನು ಅತ್ತೆ ಇಟ್ಟುಕೊಂಡಿದ್ದರು. ಓಣಿಯವರು ಆಗಲೇ ಬಾವಿಯ ಹತ್ತಿರ ಮಾತನಾಡತೊಡಗಿದ್ದರು. ನೂಲು ಕೊಡುವ ವ್ಯಾಪಾರಿಗಳ ಕಿವಿಗೆ ಬಿದ್ದರೆ ಆ ಮನೆಯ ಬಣ್ಣವನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಸನಸಾಬ ಚೀಟಿ ಕೇಳಿದ್ದು ಹೆಂಡತಿಯನ್ನು ದೂಡುವ ಆತುರದಿಂದಲ್ಲ, ಭಯದಿಂದ.

ಕುಷ್ಠದ ಪರೀಕ್ಷೆ ಮೇಲುನೋಟಕ್ಕೆ ಸರಳ. ಆ ರೋಗದಲ್ಲಿ ಚರ್ಮದ ಕಲೆ ಇರುವಲ್ಲಿ ಸ್ಪರ್ಶ ಸಾಯುತ್ತದೆ. ನಾನು ಅವಳ ಕಣ್ಣು ಮುಚ್ಚಿಸಿ ಸೂಜಿಯ ತುದಿಯಿಂದ ಚುಚ್ಚಿದೆ. ಪ್ರತಿ ಸಲವೂ ಸರಿಯಾದ ಜಾಗ ಹೇಳಿದಳು. ಒಂದು ಗಾಜಿನ ನಳಿಗೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ ಮುಟ್ಟಿಸಿದೆ; ಒಮ್ಮೆಯೂ ತಪ್ಪಲಿಲ್ಲ. ಮೊಣಕೈಯ ಹಿಂದೆ, ಮೊಣಕಾಲಿನ ಪಕ್ಕದಲ್ಲಿ ನರಗಳನ್ನು ಒತ್ತಿ ನೋಡಿದೆ, ಯಾವುದೂ ದಪ್ಪವಾಗಿರಲಿಲ್ಲ. ಕೊನೆಗೆ ಕೋಳಿಪುಕ್ಕವೊಂದನ್ನು ಬಿರುಕುಗಳ ನಡುವೆ ಮೆಲ್ಲಗೆ ಆಡಿಸಿದೆ. ಅವಳು ತಟ್ಟನೆ ಕಾಲು ಎಳೆದುಕೊಂಡಳು.

“ಕಚಗುಳಿ ಆಕ್ಕತ್ರೀ!”

ಹಾಗೆಂದು ನಕ್ಕೇಬಿಟ್ಟಳು. ನಕ್ಕಮೇಲೆ ತಾನು ನಕ್ಕಿದ್ದಕ್ಕೆ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಇಪ್ಪತ್ತೆರಡು ದಿನಗಳಲ್ಲಿ ಅದೇ ಮೊದಲ ನಗೆಯಿರಬೇಕು. ನನಗೆ ಮಾತ್ರ ಆ ನಗೆಯೇ ಅರ್ಧ ಉತ್ತರ ಕೊಟ್ಟಿತ್ತು.

ಆದರೂ ಚೀಟಿ ಬರೆಯಲು ಕಣ್ಣಿನ ಅಂದಾಜು ಸಾಲದು. ಬಿರುಕಿನ ಅಂಚಿನ ಚರ್ಮದಿಂದ ಚೂರು ದ್ರವ ಕೆರೆದು ಗಾಜಿನ ಪಟ್ಟಿಗೆ ಹಚ್ಚಿ, ಅದನ್ನು ಧಾರವಾಡದಲ್ಲಿ ಸೂಕ್ಷ್ಮದರ್ಶಕದ ಅನುಕೂಲವಿದ್ದ ದವಾಖಾನೆಗೆ ಶನಿವಾರ ನಾನೇ ಒಯ್ಯುವುದೆಂದು ನಿರ್ಧರಿಸಿದೆ. “ದೊಡ್ಡ ರೋಗ ಅಲ್ಲ ಅಂತ ನನಗ ಅನಸ್ತೈತಿ. ಖಾತ್ರಿ ಆಗಾಕ ಎಂಟು ದಿನ ಬೇಕು” ಎಂದು ಇಬ್ಬರಿಗೂ ಹೇಳಿದೆ.

ಹಾಗಾದರೆ ಇದು ಏನು? ಇಲ್ಲಿ ನಾನು ಅವಸರ ಮಾಡಿದೆ. ಗಜಕರ್ಣ ಕಾಲಿಗೆಲ್ಲ ಹರಡಿ ಹಳತಾಗಿದೆ, ಅದರ ಮೇಲೆ ಕೊಳೆ ಕಟ್ಟಿದೆ ಎಂದು ತೀರ್ಮಾನಿಸಿದೆ. ಕಾರ್ಬಾಲಿಕ್ ಸಾಬೂನು ಹಚ್ಚಿ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ದಿನಕ್ಕೆ ಎರಡು ಸಲ ತೊಳೆಯಬೇಕು, ತೆಂಗಿನ ನಾರಿನಿಂದ ಒಣಪದರ ಕಿತ್ತು ಬರುವ ಹಾಗೆ ಉಜ್ಜಬೇಕು, ಒರೆಸಿ ಗಂಧಕದ ಮುಲಾಮು ಹಚ್ಚಬೇಕು ಎಂದು ಬರೆದೆ. ಅವಳು ಎಲ್ಲವನ್ನೂ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಎರಡೂ ಕಾಲಿಗೇನ್ರಿ?”

“ಹೌದು, ಎರಡೂ ಕಾಲಿಗೆ” ಎಂದೆ. ರೋಗ ಎರಡು ಕಾಲಿಗಿರುವಾಗ ಇದೆಂಥ ಪ್ರಶ್ನೆ ಎಂದುಕೊಂಡೆ.

ಮುಂದಿನ ವಾರ ಧಾರವಾಡದಿಂದ ವರದಿ ಬಂತು. ಕುಷ್ಠದ ಜೀವಾಣು ಒಂದೂ ಕಂಡಿಲ್ಲ. ನಾನು ಹಿಗ್ಗಿನಿಂದ ಚೀಟಿ ಬರೆದು, ದವಾಖಾನೆಯ ಮುದ್ರೆ ಒತ್ತಿ ಇಟ್ಟುಕೊಂಡೆ. ನಾನು ಹೇಳಿದ್ದ ದಿನಕ್ಕೆ ಜುಲೇಖಾಬಿ ಬಂದಳು. ಈ ಸಲ ಕರೆಯುವ ಮೊದಲೇ ಒಳಗೆ ಬಂದು ಪರದೆಯ ಹಿಂದೆ ಕುಳಿತು ಕಾಲು ತೋರಿಸಿದಳು. ಚೀಟಿ ನನ್ನ ಕೈಯಲ್ಲೇ ಉಳಿಯಿತು.

ಬಲಗಾಲು ಊದಿ ಕೆಂಪಗಾಗಿತ್ತು. ಚರ್ಮ ಅಲ್ಲಲ್ಲಿ ಸುಲಿದು ನೀರು ಒಸರುತ್ತಿತ್ತು. ಎಡಗಾಲು ಬೇರೆ ಯಾರದೋ ಎನ್ನುವಂತಿತ್ತು. ಬಿರುಕುಗಳು ಪೂರ್ತಿ ಮುಚ್ಚಿರಲಿಲ್ಲ, ಆದರೆ ರಕ್ತ ನಿಂತಿತ್ತು. ಅಂಚುಗಳು ಮೆತ್ತಗಾಗಿದ್ದವು. ಮೊಣಕಾಲಿನ ಕೆಳಗೆ ನಾಲ್ಕು ಬೆರಳಗಲ ಜಾಗದಲ್ಲಿ ಚರ್ಮ ತನ್ನ ಸ್ವಂತ ಬಣ್ಣಕ್ಕೆ ಮರಳಿ ಸಣ್ಣಗೆ ಹೊಳೆಯುತ್ತಿತ್ತು.

“ಇದೇನು, ಔಷಧ ಒಂದ ಕಾಲಿಗೆ ಹಚ್ಚೀರೇನು?” ಎಂದೆ.

“ತಪ್ಪ ತಿಳ್ಕೋಬ್ಯಾಡ್ರಿ ಬಾಯಾರ. ಬಲಗಾಲು ನಿಮಗ ಕೊಟ್ಟೆ, ಎಡಗಾಲು ನಾ ಇಟ್ಕೊಂಡೆ. ನಾವು ಹೊಸಾ ಬಣ್ಣ ಬಂದ್ರ ಎಲ್ಲಾ ಲಡಿ ಒಮ್ಮೆಗೇ ಅದ್ದೂದಿಲ್ರಿ. ಒಂದು ಲಡಿ ಅದ್ದಿ, ಒಂದು ಬಾಜೂಕ ಇಟ್ಟು, ಎರಡೂ ಬಿಸಲಾಗ ಹಿಡದು ನೋಡ್ತೇವಿ.”

ಲಡಿ ಎಂದರೆ ನೂಲಿನ ಸುರುಳಿ. ನಾನು ಕುರ್ಚಿ ಎಳೆದುಕೊಂಡು ಅವಳ ಎದುರು ಕುಳಿತೆ. ರೋಗಿಯ ಎದುರು ಹಾಗೆ ಸಮನಾಗಿ ಕುಳಿತದ್ದು ಅದೇ ಮೊದಲು.

“ಎಡಗಾಲಿಗೆ ಏನೇನು ಮಾಡಿದ್ರಿ, ಸುರುವಿನಿಂದ ಹೇಳ್ರಿ.”

ಅವಳು ಹೇಳುತ್ತ ಹೋದಳು. ಸಾಬೂನು ಮುಟ್ಟಿಸಲಿಲ್ಲ, ನಾರಿನಿಂದ ಉಜ್ಜಲಿಲ್ಲ. ಅಕ್ಕಿ ಬೇಯಿಸಿ ತೆಳ್ಳಗೆ ಗಂಜಿ ಮಾಡಿ, ಆರಿಸಿ, ಕೈ ತಾಳುವಷ್ಟೇ ಬೆಚ್ಚಗಿರುವಾಗ ಅದರಿಂದ ಕಾಲು ತೊಳೆದಳು. ಒರೆಸಲಿಲ್ಲ, ಹಳೆಯ ಮೆತ್ತನೆ ಬಟ್ಟೆಯನ್ನು ಒತ್ತಿ ತೆಗೆದಳು. ಕಾಲಿನಲ್ಲಿ ಇನ್ನೂ ಹಸಿ ಇರುವಾಗಲೇ ಕುಸುಬಿ ಎಣ್ಣೆ ಹಚ್ಚಿದಳು. ಅದರ ಮೇಲೆ ತೆಳ್ಳಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ. ಮೇಲೆ ಹಳೇ ಧೋತರದ ಪಟ್ಟಿ ಸುತ್ತಿ, ಮಲಗುವಾಗ ಕಾಲನ್ನು ಕಟ್ಟಿಗೆಯ ಮೇಲೆ ಎತ್ತಿ ಇಟ್ಟಳು.

“ಹಸೀ ಇರುವಾಗಲೇ ಯಾಕ?” ಎಂದು ಕೇಳಿದೆ.

“ಒಣಾ ನೂಲು ಬಣ್ಣ ಕುಡಿಯೂದಿಲ್ರಿ, ಡಾಗ ಡಾಗ ಆಕ್ಕತಿ. ತೋಯಿಸಿದ ನೂಲಿಗೆ ಸಮ ಹತ್ತತೈತಿ. ಎಣ್ಣಿನೂ ಹಂಗ ಇರಬೇಕು ಅನಿಸ್ತು. ಕುಸುಬಿ ಎಣ್ಣಿ ಒಳಗ ಇಳೀತೈತಿ, ಔಡಲೆಣ್ಣಿ ಮ್ಯಾಲ ಕುಂತು ಕಾಯ್ತೈತಿ.”

“ಸಾಬೂನು ಯಾಕ ಬ್ಯಾಡ ಅನಿಸ್ತು?”

ಅವಳು ಹೇಳಿದಳು: “ನಮ್ಮ ಮನ್ಯಾಗ ನೂಲಿನ ಜಿಡ್ಡು ತಗಿಯಾಕ ಎರಡು ವರ್ಷದಿಂದ ಡಬ್ಬಿ ಸೋಡಾ ಬಂದೈತ್ರಿ. ಮೊದಲ ಬೂದಿ ನೀರಿತ್ತು. ಅದನ್ನ ಕಲ್ಲಬಾನಿಯೊಳಗ ಹಾಕಿ ನಾವು ಹೆಣ್ಮಕ್ಕಳು ಕಾಲಿಲೆ ತುಳಿತೇವಿ. ಆ ನೀರಾಗ ನೂಲಿನ ಜಿಡ್ಡು ಹೋಗತೈತಿ ಅಂದ್ರ ನನ್ನ ಕಾಲಿನ ಜಿಡ್ಡು ಉಳೀತೈತೇನ್ರಿ? ನಿಮ್ಮ ಸಾಬೂನು ಅದರ ತಮ್ಮ.”

ಡಬ್ಬಿ ಸೋಡಾ ಎಂದರೆ ಕಾಸ್ಟಿಕ್ ಸೋಡಾ. ಚರ್ಮದ ಮೇಲೆ ಸಹಜವಾಗಿ ಒಂದು ಎಣ್ಣೆಯ ತೆಳುಪೊರೆ ಇರುತ್ತದೆ. ನೀರನ್ನು ಒಳಗೆ ಹಿಡಿದಿಡುವುದು ಅದೇ. ಕ್ಷಾರ ಅದನ್ನು ಕಿತ್ತರೆ ಚರ್ಮ ಒಣಗಿ, ದಪ್ಪಗಾಗಿ, ಬಿರಿಯುತ್ತದೆ. ಇದು ಗಜಕರ್ಣವಲ್ಲ, ಕ್ಷಾರದಿಂದಾದ ಎಕ್ಜಿಮಾ. ನಾನು ಗಾಯದ ಮೇಲೆ ಮತ್ತೆ ಅದನ್ನೇ ಸುರಿಯಲು ಹೇಳಿದ್ದೆ. ಪುಸ್ತಕದಲ್ಲಿ ಈ ಎಲ್ಲವನ್ನೂ ಓದಿದ್ದವಳು ನಾನು. ಓದಲು ಬಾರದ ಹೆಣ್ಣುಮಗಳೊಬ್ಬಳು ಅದನ್ನು ತನ್ನ ಕಸುಬಿನಿಂದ ತರ್ಕಿಸಿ ತಾನೇ ಕಂಡುಕೊಂಡಿದ್ದಳು.

ಚೀಟಿಯನ್ನು ಅವಳ ಕೈಗಿಟ್ಟು ಓದಿ ಹೇಳಿದೆ. ಅವಳು ಅದನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: “ನೀವು ಬರದ್ದು ಖರೇನ. ಆದ್ರ ನಮ್ಮ ಓಣ್ಯಾಗ ಚೀಟಿ ಓದಾಕ ಯಾರಿಗೂ ಬರೂದಿಲ್ರಿ. ಅವರು ಓದೂದು ನನ್ನ ಕಾಲು. ಗುಣ ಆದ್ರ ಸಾಲೂದಿಲ್ಲ ಬಾಯಾರ, ನನ್ನ ಕಾಲು ಚಂದ ಆಗಬೇಕು. ನುಣ್ಣಗ ಆಗಬೇಕು. ಅಂದ್ರ ನನ್ನ ಮಗಳು ನನಗ ಸಿಗ್ತಾಳ.”

ಅಂದವನ್ನು ಬಯಸುವುದು ಹಗುರ ಸಂಗತಿ ಎಂದು ತಿಳಿದಿದ್ದ ನಾನು, ಸಾಬೂನು, ನಾರು, ಮುಲಾಮು ಎಲ್ಲವನ್ನೂ ನಿಲ್ಲಿಸಿ ಮರುದಿನ ಮತ್ತೆ ಬರಲು ಹೇಳಿದೆ.

ಅವಳು ಹೋದಮೇಲೆ ದೊಡ್ಡಬಾಯಾರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ರೋಗಿಗಳ ವಿವರ ಬರೆಯುವ ಪುಸ್ತಕವನ್ನು ಮುಂದೆ ಸರಿಸಿದರು.

“ತಪ್ಪು ನಿಮ್ಮ ಹೆಸರಿಲೆ ಬರೀರಿ, ಔಷಧ ಆಕಿ ಹೆಸರಿಲೆ ಬರೀರಿ. ಬರೇ ಗುಣಾದದ್ದ ಬರಕೋತ ಹೋದ್ರ ಅದಕ್ಕ ಜಾಹೀರಾತು ಅಂತಾರ” ಎಂದರು.

ಬರೆದೆ. ಬಲಗಾಲು, ಎಡಗಾಲು ಎಂದು ಎರಡು ಸಾಲು ಹಾಕಿ ಎಲ್ಲವನ್ನೂ ಬರೆದೆ. ದೊಡ್ಡಬಾಯಾರು ಓದಿ ಕೆಳಗೆ ಒಂದು ಸಲಹೆ ಸೇರಿಸಿದರು: ಬಲಗಾಲಿನ ಒಸರು ನಿಲ್ಲುವವರೆಗೆ ಎಣ್ಣೆ ಬೇಡ, ತಣ್ಣನೆ ಉಪ್ಪುನೀರಿನ ಪಟ್ಟಿ ಹಾಕಿ, ಆಮೇಲೆ ಜಸದ, ಅಂದರೆ ಝಿಂಕ್ ಮುಲಾಮು, ಕೊನೆಗೆ ಜುಲೇಖಾಬಿಯ ಎಣ್ಣೆ. ಹಾಗೆಯೇ ಮಾಡಿದೆವು. ಐದನೇ ದಿನಕ್ಕೆ ಬಲಗಾಲು ಒಣಗಿತು.

ಜುಲೇಖಾಬಿ ಅಂದದ್ದು ಮಾತ್ರ ನಿಜವಾಯಿತು. ಚೀಟಿ ಮನೆ ಮುಟ್ಟಿದರೂ ಅವಳು ಛಪ್ಪರದಲ್ಲೇ ಇದ್ದಳು. ಅತ್ತೆ ಫಾತಿಮಾಬಿ ಕೂಸನ್ನು ಕೊಟ್ಟಿರಲಿಲ್ಲ. ಆ ಭಾನುವಾರ ನಾನು ಧಾರವಾಡಕ್ಕೆ ಹೋಗದೆ ಟಾಂಗಾ ಮಾಡಿಕೊಂಡು ಹಳೇ ಹುಬ್ಬಳ್ಳಿಗೆ ಹೋದೆ.

ಅಂಗಳದ ತುಂಬ ಬಿದಿರಿನ ಮೇಲೆ ಕೆಂಪು, ಹಸಿರು ಲಡಿಗಳು ಒಣಗುತ್ತಿದ್ದವು. ಮೂಲೆಯಲ್ಲಿ ದೊಡ್ಡ ಕಲ್ಲಬಾನಿ, ಅದರಿಂದ ಹೊರಟ ಸೋಡಾ ನೀರು ನೆಲವನ್ನೆಲ್ಲ ತೋಯಿಸಿತ್ತು. ಫಾತಿಮಾಬಿ ಪಡಸಾಲೆಯ ಹೊರಸಿನ ಮೇಲೆ ಕಾಲು ಮಡಚಿ, ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದರು. ಅರವತ್ತರ ಹತ್ತಿರದ, ನೆಟ್ಟಗಿನ ದೇಹದ ಹೆಂಗಸು. ಮುನ್ನಿ ಅವರ ಬೆನ್ನಿಗೆ ಆತುಕೊಂಡಿದ್ದಳು. ಚೀಟಿಯಲ್ಲಿ ಏನಿದೆ ಎಂದು ನಾನು ವಿವರಿಸಿದೆ. ಅವರು ಒಪ್ಪಲಿಲ್ಲ.

“ಕಾಗದ ಯಾರ್ ಬೇಕಾದ್ರೂ ಬರೀತಾರ್ರಿ. ನಾಳಿ ಈ ಕೂಸಿಗೆ ಹತ್ತಿದ್ರ ನೀವು ಬಂದು ನೋಡ್ಕೋತೀರೇನು?”

ನಾನು ಮತ್ತೆ ಸೂಜಿ, ಪುಕ್ಕದ ಮಾತು ಎತ್ತಿದೆ. ಅಷ್ಟರಲ್ಲಿ ಜುಲೇಖಾಬಿ ಛಪ್ಪರದಿಂದ ಹೊರಗೆ ಬಂದಳು. ಅಷ್ಟು ದಿನ ದಾಟದ ಅಂಗಳವನ್ನು ದಾಟಿ ಬಂದು ಅತ್ತೆಯ ಹೊರಸಿನ ಮುಂದೆ ನೆಲದ ಮೇಲೆ ಕುಳಿತಳು. ಲಡಿ ತಿರುವುತ್ತಿದ್ದ ಹಸನಸಾಬ ಕೆಲಸ ಬಿಟ್ಟು ಹತ್ತಿರ ಬಂದ.

“ಅಮ್ಮಾ, ನಿಮ್ಮ ಕಾಲು ತೋರಿಸ್ರಿ” ಎಂದಳು ಅವಳು.

ಫಾತಿಮಾಬಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು.

“ಅದ ಬಾನ್ಯಾಗ ನಿಮ್ಮ ಬಾಜೂಕ ನಿಂತು ತುಳದೇನಿ. ನಿಮ್ಮ ಕಾಲು ಹೆಂಗಾಗ್ಯಾವು ಅಂತ ನನಗ ಗೊತ್ತಿಲ್ಲೇನು? ನಾ ಯಾರಿಗೂ ಹೇಳಿಲ್ಲ ಅಮ್ಮಾ. ಇವತ್ತ ಬಾಯಾರಿಗೆ ತೋರಿಸ್ರಿ.”

ಫಾತಿಮಾಬಿ ಮಗನ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಹಿರಿಯ ಹೆಂಗಸು ಒಂದೊಂದೇ ಕಾಲನ್ನು ಹೊರಸಿನಿಂದ ಕೆಳಗೆ ಇಳಿಬಿಟ್ಟರು. ಅದೇ ಕಪ್ಪು, ಅದೇ ಬಿರುಕು. ಸೊಸೆಯಷ್ಟು ಇರಲಿಲ್ಲ, ಆದರೆ ಅದೇ. ನಾನು ಚೀಲದಿಂದ ಸೂಜಿ ತೆಗೆದು ಪರೀಕ್ಷೆ ಮಾಡಿದೆ, ಆಮೇಲೆ ಪುಕ್ಕ ಆಡಿಸಿದೆ. ಫಾತಿಮಾಬಿ ಕಾಲು ಹಿಂದಕ್ಕೆಳೆದುಕೊಂಡರು. ರೋಗವಿಲ್ಲವೆಂದು ನಾನು ಹೇಳುವ ಮೊದಲೇ ಅವರು ಅತ್ತುಬಿಟ್ಟರು.

“ನನಗೂ ಬಂದೈತಿ ಅಂತ ತಿಳ್ಕೊಂಡಿದ್ದೆ ಬೇಟಾ” ಎಂದರು ಸೊಸೆಗೆ. “ನಿನ್ನ ನೋಡಿದಾಗೆಲ್ಲ ನನ್ನ ಕಾಲು ನೆನಪಾಕ್ಕಿತ್ತು. ಅದಕ್ಕ ನೀ ನನ್ನ ಕಣ್ಣ ಮುಂದ ಇರದಂಗ ಮಾಡಿದೆ. ನಂದ ತಪ್ಪು.”

ಜುಲೇಖಾಬಿ ಎದ್ದು ಹೋಗಿ ಗಂಜಿಯ ಪಾತ್ರೆ, ಎಣ್ಣೆಯ ಬಾಟಲಿ ತಂದಳು. ಅತ್ತೆಯ ಕಾಲನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ತೊಳೆದಳು, ಬಟ್ಟೆ ಒತ್ತಿದಳು, ಹಸಿ ಆರುವ ಮೊದಲೇ ಎಣ್ಣೆ ಸವರಿದಳು. ಯಾವ ನರ್ಸೂ ಅಷ್ಟು ಹಗುರ ಕೈಯಿಂದ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮುನ್ನಿ ಅಜ್ಜಿಯ ಬೆನ್ನ ಹಿಂದಿನಿಂದ ಇಣುಕಿ, ಹೊರಸಿನಿಂದ ಜಾರಿ ಇಳಿದು, ತಾಯಿಯ ಕೊರಳಿಗೆ ಜೋತುಬಿದ್ದಳು. ಯಾರೂ ತಡೆಯಲಿಲ್ಲ. ಹಸನಸಾಬ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಅಂದಿನಿಂದ ಚಿಕಿತ್ಸೆ ಇಬ್ಬರಿಗೂ ನಡೆಯಿತು. ನಾನು ಪ್ರತಿ ಬುಧವಾರ ದಾರದಿಂದ ಬಿರುಕಿನ ಉದ್ದ ಅಳೆದು ಬರೆದುಕೊಳ್ಳುತ್ತಿದ್ದೆ. ಮೂರನೇ ವಾರಕ್ಕೆ ಎಡಗಾಲಿನ ಬಿರುಕುಗಳು ಮುಚ್ಚಿದವು. ಕಪ್ಪು ಪದರ ತಾನಾಗಿ ಉದುರಿ ಅಡಿಯಲ್ಲಿ ತೆಳುವಾದ ಹೊಸ ಚರ್ಮ ಕಾಣಿಸಿತು. ಅದನ್ನು ಕಿತ್ತು ತೆಗೆಯುವ ಆಸೆ ನನಗೇ ಆಗುತ್ತಿತ್ತು. ಜುಲೇಖಾಬಿ ಬಿಡುತ್ತಿರಲಿಲ್ಲ. “ತಾನ ಬೀಳಲಿ ಬಿಡ್ರಿ, ಎಳದ್ರ ಹಸಿ ಏಳತೈತಿ” ಎನ್ನುತ್ತಿದ್ದಳು.

ಹಸನಸಾಬನೂ ಸುಮ್ಮನೆ ಕೂರಲಿಲ್ಲ. ಒನಕೆಯಂಥ ಉದ್ದ ಕೋಲಿನ ತುದಿಗೆ ಅಗಲವಾದ ಹಲಗೆ ಬಡಿದು, ಕಾಲಿನ ಬದಲು ಅದರಿಂದ ಬಾನಿಯಲ್ಲಿ ನೂಲನ್ನು ಒತ್ತುವ ಏರ್ಪಾಡು ಮಾಡಿದ. ಬಾನಿಯ ಪಕ್ಕ ಕಲ್ಲು ಎತ್ತರಿಸಿ, ನಿಲ್ಲುವವರ ಕಾಲಡಿ ಸೋಡಾ ನೀರು ಹರಿಯದಂತೆ ಕಾಲುವೆ ತಿರುಗಿಸಿದ. ಮೊದಮೊದಲು ಕೆಲಸ ನಿಧಾನವಾಯಿತು. ಜನವರಿಯಲ್ಲಿ ಲಗ್ನದ ಕಾಲದ ನೂಲು ರಾಶಿ ಬಂದು ಬಿದ್ದಾಗ, ಒಂದು ಮಧ್ಯಾಹ್ನ ಜುಲೇಖಾಬಿ ಕೋಲು ಬದಿಗಿಟ್ಟು ಬಾನಿಗೆ ಇಳಿದುಬಿಟ್ಟಳು. ಮೂರು ದಿನದ ಮೇಲೆ ತಾನೇ ದವಾಖಾನೆಗೆ ಬಂದು ಕಾಲು ತೋರಿಸಿದಳು. ಹೊಸ ಚರ್ಮ ಮತ್ತೆ ಕೆಂಪಗಾಗಿ ಸಣ್ಣಗೆ ಬಿರಿದಿತ್ತು. ಏಳು ವಾರದ ಕೆಲಸ ನೀರಿಗೆ ಹೋಯಿತೆಂದು ನನಗೆ ಸಿಟ್ಟೂ ಬಂತು, ದುಃಖವೂ ಆಯಿತು.

ಅವಳ ಮುಖದಲ್ಲಿ ಮಾತ್ರ ಒಂದು ಬಗೆಯ ಸಮಾಧಾನವಿತ್ತು.

“ಒಂದು ಲೆಕ್ಕಕ್ಕ ಛಲೋ ಆತ್ರಿ. ಸೋಡಾದ್ದ ಕೆಲಸ ಅಂತ ಈಗ ಖಾತ್ರಿ ಆತು. ಇನ್ನ ಯಾರು ಏನ್ ಅಂದ್ರೂ ನಾ ಇಳಿಯೂದಿಲ್ಲ.”

ಎಷ್ಟೋ ವರ್ಷಗಳ ನಂತರ, ಒಂದು ವಸ್ತುವೇ ರೋಗಕ್ಕೆ ಕಾರಣವೆಂದು ಸಾಧಿಸಬೇಕಾದರೆ ಅದನ್ನು ಬಿಡಿಸಿ ನೋಡಬೇಕು, ಮತ್ತೆ ಒಡ್ಡಿ ನೋಡಬೇಕು ಎಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಓದಿದೆ. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪರದೆಯ ಹಿಂದೆ ಕುಳಿತಿದ್ದ ಹೆಣ್ಣುಮಗಳು. ಒಂದು ಕಾಲಿಗೆ ಒಂದು ಉಪಚಾರ, ಇನ್ನೊಂದಕ್ಕೆ ಇನ್ನೊಂದು ಮಾಡಿ ಹೋಲಿಸಿದಳು, ಕಾರಣ ಹುಡುಕಿದಳು, ತಿಳಿದೋ ಅವಸರಕ್ಕೋ ಅದನ್ನು ಎರಡನೇ ಸಲ ಪರೀಕ್ಷೆಗೂ ಒಡ್ಡಿದಳು. ನಮ್ಮಲ್ಲಿ ಪದವಿ ಪಡೆದ ಎಷ್ಟು ಜನ ತಮ್ಮದೇ ನೋವಿನ ನಡುವೆ ಅಷ್ಟು ತಣ್ಣಗೆ ಯೋಚಿಸಿಯಾರು?

ಫೆಬ್ರುವರಿಯ ಕೊನೆಯಲ್ಲಿ ಅವಳು ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಬಂದಳು. ಪರದೆಯ ಹಿಂದೆ ಕಾಲಿನ ಬಟ್ಟೆ ಸರಿಸಿದಾಗ ನಾನು ದೊಡ್ಡಬಾಯಾರನ್ನೂ ಕರೆದೆ. ಎರಡೂ ಕಾಲು ಮೊಣಕಾಲಿನಿಂದ ಪಾದದವರೆಗೆ ಒಂದೇ ಬಣ್ಣ, ಒಂದೇ ನುಣುಪು. ದೊಡ್ಡಬಾಯಾರು ಕಣ್ಣು ಮುಚ್ಚಿ ಬೆರಳಿನಿಂದ ಮೇಲಿಂದ ಕೆಳಗೆ ಸವರಿ ನೋಡಿ, “ಎಲ್ಲಿತ್ತು ಅಂತ ಗೊತ್ತಾಗವಲ್ದು” ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ. ಫಾತಿಮಾಬಿ ಹೆಮ್ಮೆಯಿಂದ ತಮ್ಮ ಕಾಲನ್ನೂ ಮುಂದೆ ಚಾಚಿದರು.

“ಓಣ್ಯಾಗ ಏನಂತಾರ?” ಎಂದು ಕೇಳಿದೆ.

“ಬಾವಿ ಕಡೆ ಹೋದ್ರ ಎಲ್ಲಾರೂ ಕಾಲ ನೋಡ್ತಾರ್ರಿ” ಎಂದು ಜುಲೇಖಾಬಿ ನಕ್ಕಳು. “ಯಾವ ಎಣ್ಣಿ ಅಂತ ಕೇಳ್ತಾರ. ನಾ ಹೇಳ್ತೇನಿ, ಎಣ್ಣಿ ಆಮ್ಯಾಲ, ಮೊದಲ ಬಾನಿಂದ ಹೊರಗ ಬರ್ರಿ.”

ಆ ಬೇಸಿಗೆಯೊಳಗೆ ರಂಗರೇಜರ ಮನೆಗಳಿಂದ, ಅಗಸರ ಮನೆಗಳಿಂದ ಹೆಣ್ಣುಮಕ್ಕಳು ಸಾಲಾಗಿ ಬಂದರು. ಎಲ್ಲರೂ ಕೇಳಿದ್ದು ಜುಲೇಖಾಬಿಯ ಔಷಧವನ್ನೇ. ಕೆಲವರಿಗೆ ಅದೇ ಸಾಕಾಯಿತು. ಕೆಲವರಿಗೆ ಬೇರೆ ಕಾಯಿಲೆ ಇತ್ತು, ಬೇರೆ ಔಷಧ ಬೇಕಾಯಿತು. ಒಂದು ಎಣ್ಣೆ ಎಲ್ಲ ಕಾಲಿಗೂ ಆಗುತ್ತದೆಂದು ನಾನು ಎಂದೂ ಹೇಳಿಲ್ಲ, ಅವಳೂ ಹೇಳಲಿಲ್ಲ. ಆದರೆ ಹಸನಸಾಬನ ಕೋಲು ಮಾತ್ರ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತ ಆ ಓಣಿಯನ್ನೆಲ್ಲ ಮುಟ್ಟಿತು.

ಫೆಬ್ರುವರಿಯ ಆ ದಿನ ಅವರು ಹೊರಡುವ ಮೊದಲು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದು ಮಾತನ್ನು ಕೇಳಿಯೇಬಿಟ್ಟೆ.

“ಜುಲೇಖಾಬಿ, ಸೋಡಾದಿಂದ ಹಿಂಗಾಗೇತಿ ಅಂತ ನಿಮಗ ಮೊದಲ ದಿನಾನ ಸಂಶಯ ಇತ್ತಲ್ಲ. ಅವತ್ತ ಹೇಳಿದ್ರ ನಿಮ್ಮ ಬಲಗಾಲು ಅಷ್ಟು ಉರೀತಿರಲಿಲ್ಲ. ಯಾಕ ಹೇಳಲಿಲ್ಲ?”

ಅವಳು ಮಗಳನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು ನನ್ನನ್ನು ನೋಡಿದಳು. ಮಾತಿನಲ್ಲಿ ಕೊಂಕು ಇರಲಿಲ್ಲ, ದೂರು ಇರಲಿಲ್ಲ.

“ನೀವು ಕೇಳಲಿಲ್ಲಲ್ರೀ ಬಾಯಾರ.”

ಅದಾದಮೇಲೆ ಮೂವತ್ತು ವರ್ಷ ಕೆಲಸ ಮಾಡಿದೆ. ಬೇರೆ ಬೇರೆ ಊರುಗಳಲ್ಲಿ, ದೊಡ್ಡ ದವಾಖಾನೆಗಳಲ್ಲಿ, ನನಗಿಂತ ಹೆಚ್ಚು ಓದಿದವರ ಜೊತೆ. ರೋಗಿ ಬಂದು ಕುಳಿತರೆ ನಾಡಿ ಹಿಡಿಯುವ ಮೊದಲು ನಾನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ನಿಮಗೆ ಏನು ಕಾರಣ ಅನಿಸುತ್ತದೆ, ಮನೆಯಲ್ಲಿ ಏನು ಮಾಡಿ ನೋಡಿದ್ದೀರಿ? ಹಲವರು ತಪ್ಪು ಹೇಳಿದರು. ಕೆಲವರು ಸರಿ ಹೇಳಿದರು. ತಮ್ಮ ಮಾತನ್ನು ಡಾಕ್ಟರು ಕೇಳಲೇ ಇಲ್ಲ ಎಂದುಕೊಂಡು ಯಾರೊಬ್ಬರೂ ನನ್ನ ಬಾಗಿಲಿನಿಂದ ಮರಳಿ ಹೋಗಬಾರದು ಎಂದಷ್ಟೇ ಎಚ್ಚರ ವಹಿಸಿದೆ.